ಉಪಾಕರ್ಮ: ವಿದ್ಯಾವರ್ಷ ತೆರೆಯುತ್ತಿದ್ದ ದಿನ

ಶ್ರಾವಣದ ಹುಣ್ಣಿಮೆ ಕನ್ನಡನಾಡಿನಲ್ಲಿ ನೂಲು ಹುಣ್ಣಿಮೆ ಎಂದೇ ಹೆಸರಾಗಿದೆ. ಅಂದು ನಡೆಯುವ ಉಪಾಕರ್ಮ ಈಗ ಹಳೆಯ ಜನಿವಾರ ತೆಗೆದು ಹೊಸದನ್ನು ಧರಿಸುವ ವಿಧಿಯಾಗಿ ಪರಿಚಿತ. ಮೂಲದಲ್ಲಿ ಅದು ಗುರುಕುಲದ ವಿದ್ಯಾವರ್ಷದ ಆರಂಭ. ಆಶ್ವಲಾಯನ ಗೃಹ್ಯಸೂತ್ರ ಅದನ್ನು ವಿವರಿಸುವಾಗ ಜನಿವಾರದ ಪ್ರಸ್ತಾಪವನ್ನೇ ಎತ್ತುವುದಿಲ್ಲ. ಅಲ್ಲಿ ಮುಖ್ಯವಾದುದು ಅಧ್ಯಯನ.

ಆ ಸೂತ್ರದ ಪ್ರಕಾರ ಮಳೆ ಬಿದ್ದು ಸಸ್ಯಗಳು ಚಿಗುರಿದ ಮೇಲೆ, ಶ್ರಾವಣದಲ್ಲಿ ಶ್ರವಣ ನಕ್ಷತ್ರದ ದಿನ ಪಾಠ ಶುರುವಾಗಬೇಕು. ಋಗ್ವೇದಿಗಳು ಇಂದಿಗೂ ಶ್ರವಣ ನಕ್ಷತ್ರವನ್ನೇ ನೋಡುತ್ತಾರೆ, ಯಜುರ್ವೇದಿಗಳಿಗೆ ಹುಣ್ಣಿಮೆ ಪ್ರಧಾನ, ಸಾಮವೇದಿಗಳದು ಭಾದ್ರಪದದ ಹಸ್ತಾ ನಕ್ಷತ್ರ. ದಾರಿಗಳು ಕೆಸರಾಗಿ ಓಡಾಟ ನಿಲ್ಲುವ ಕಾಲ ಒಂದೆಡೆ ಕುಳಿತು ಕಲಿಯಲು ಹದವಾದದ್ದು. ಮಳೆಗೂ ಪಾಠಕ್ಕೂ ಇರುವ ನಂಟು ಇನ್ನೂ ಹಳೆಯದು. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿ ಒಂದು ಕಪ್ಪೆಯ ಕೂಗನ್ನು ಮತ್ತೊಂದು ಅನುಸರಿಸುವುದನ್ನು ಕಂಡ ಕವಿಗೆ ಗುರುವಿನ ಮಾತನ್ನು ಶಿಷ್ಯ ಮರುನುಡಿಯುವುದು ನೆನಪಾಗುತ್ತದೆ.

ಅಂದು ಅಗ್ನಿಯಲ್ಲಿ ಆಹುತಿ ಪಡೆಯುವವರ ಪಟ್ಟಿಯಂತೂ ಗಮನಿಸಬೇಕಾದದ್ದು. ಸಾವಿತ್ರಿ ಮತ್ತು ಬ್ರಹ್ಮರ ನಂತರ ಶ್ರದ್ಧೆ, ಮೇಧೆ, ಪ್ರಜ್ಞೆ, ಧಾರಣೆ ಒಂದರ ಹಿಂದೊಂದು ಬರುತ್ತವೆ. ಛಂದಸ್ಸುಗಳೂ ಋಷಿಗಳೂ ಕೊನೆಗೆ. ಬುದ್ಧಿಗಿಂತ, ನೆನಪಿನ ಶಕ್ತಿಗಿಂತ ಮೊದಲು ಶ್ರದ್ಧೆಗೆ ಆಹುತಿ ಸಲ್ಲುತ್ತದೆ. ಲಿಪಿಯ ಆಸರೆಯಿಲ್ಲದೆ ಕಿವಿಯಿಂದ ಕಿವಿಗೆ ಸಾಗುತ್ತಿದ್ದ ವಿದ್ಯೆಯಲ್ಲಿ ಕೇಳಿದ್ದನ್ನು ನಂಬಿ, ಅರ್ಥ ಹೊಳೆಯುವ ಮುನ್ನವೇ ಸ್ವರ ತಪ್ಪದಂತೆ ಉರು ಹೊಡೆಯಬೇಕಿತ್ತು. ಶ್ರದ್ಧೆಯಿಲ್ಲದವನು ಅಲ್ಲಿ ಮೊದಲ ತಿಂಗಳನ್ನೂ ದಾಟುತ್ತಿರಲಿಲ್ಲ.

ಪಾಠದ ಅವಧಿ ಆಶ್ವಲಾಯನರ ಲೆಕ್ಕದಲ್ಲಿ ಆರು ತಿಂಗಳು, ಮನುಸ್ಮೃತಿಯಲ್ಲಿ ನಾಲ್ಕೂವರೆ. ಪುಷ್ಯದಲ್ಲಿ ಊರ ಹೊರಗೆ ಉತ್ಸರ್ಜನ ಮಾಡಿ ವೇದಪಾಠವನ್ನು ವಿಧಿಪೂರ್ವಕವಾಗಿ ನಿಲ್ಲಿಸುತ್ತಿದ್ದರು. ಆಮೇಲೂ ಓದು ಪೂರ್ತಿ ನಿಲ್ಲುತ್ತಿರಲಿಲ್ಲ: ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗ ಎಂದು ಮನು ಹೇಳುತ್ತಾನೆ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯ. ಗುಡುಗು ಮಿಂಚು ಬಂದರೂ, ನರಿ ಊಳಿಟ್ಟರೂ ಪಾಠ ಬಂದ್.

ಆತ್ಮಾವಲೋಕನ ಈ ವಿಧಿಯಲ್ಲಿ ಹಲವು ರೂಪಗಳಲ್ಲಿ ಸೇರಿಕೊಂಡಿದೆ. ಸ್ನಾನಕ್ಕೆ ಮುಂಚಿನ ಮಹಾಸಂಕಲ್ಪದಲ್ಲಿ ಅರಿತೋ ಅರಿಯದೆಯೋ ಮಾಡಿದ ತಪ್ಪುಗಳ ಉದ್ದನೆಯ ಪಟ್ಟಿಯನ್ನೇ ಒಪ್ಪಿಸಲಾಗುತ್ತದೆ. ಯಜುರ್ವೇದಿಗಳಲ್ಲಿ ಕಾಮೋಕಾರ್ಷೀತ್ ಜಪವಿದೆ. ತಪ್ಪಿಗೆ ಕಾಮವೂ ಕ್ರೋಧವೂ ಕಾರಣವೆಂದು ಅದರಲ್ಲಿ ಸ್ಮರಿಸುತ್ತಾರೆ. ಪುಷ್ಯದ ಉತ್ಸರ್ಜನವನ್ನು ಬಿಟ್ಟದ್ದಕ್ಕೆ ಅದು ಪ್ರಾಯಶ್ಚಿತ್ತವೆಂದು ಸಂಪ್ರದಾಯದ ವಿವರಣೆ. ಧರ್ಮಶಾಸ್ತ್ರಕಾರರು ಇನ್ನೊಂದು ಮಾತನ್ನೂ ಸೇರಿಸಿದರು: ವರ್ಷವಿಡೀ ತಪ್ಪುತಪ್ಪಾಗಿ ಉಚ್ಚರಿಸಿದ ಮಂತ್ರ ಯಾತಯಾಮವಾಗುತ್ತದೆ, ಅಂದರೆ ಸತ್ವ ಕಳೆದುಕೊಳ್ಳುತ್ತದೆ, ಉಪಾಕರ್ಮ ಅದಕ್ಕೆ ಕಸುವು ಮರಳಿಸುತ್ತದೆ. ಕಲಿತದ್ದು ಕೈಜಾರಬಹುದೆಂಬ ಎಚ್ಚರ ಗುರುವಿಗೂ ಅನ್ವಯಿಸುತ್ತಿತ್ತು. ಗುರು ಶಿಷ್ಯರಿಬ್ಬರೂ ಒಟ್ಟಿಗೆ ಕುಳಿತು ತಮ್ಮ ಲೋಪ ಒಪ್ಪಿಕೊಳ್ಳುವುದು ಈ ಆಚರಣೆಯ ಅತ್ಯಂತ ಘನವಾದ ಅಂಶ.

ಇಂಥ ವ್ಯವಸ್ಥಿತ ಅಧ್ಯಯನಕ್ಕೆ ಕರ್ನಾಟಕದಲ್ಲಿ ದೊಡ್ಡ ಕೇಂದ್ರಗಳಿದ್ದವು. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ದತ್ತಿ ಬಿಟ್ಟ ಶಾಸನದ ಕಾಲ ಕ್ರಿ.ಶ. 945, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ 27 ಮನೆಗಳಿದ್ದವು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ 1058ರ ಶಾಸನದ ಪ್ರಕಾರ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ಗ್ರಂಥಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರೂ ಇದ್ದರು.

ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಮಾಚಬಾರದು. ಉಪನಯನ ಉಳ್ಳವರಿಗಷ್ಟೇ ಉಪಾಕರ್ಮ. ಶೂದ್ರರೆನಿಸಿಕೊಂಡವರೂ ಬಹುಪಾಲು ಹೆಣ್ಣುಮಕ್ಕಳೂ ಹೊರಗೇ ಉಳಿದರು. ಹರಿಹರ ಬರೆದ ಬಸವರಾಜದೇವರ ರಗಳೆಯಲ್ಲಿ ಬಸವಣ್ಣ ಜನಿವಾರ ತೊರೆದು ಸಂಗಮದತ್ತ ನಡೆಯುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಳ್ಳುವ ಕೆಲಸವನ್ನು ಕನ್ನಡದಲ್ಲಿ, ಹೆಣ್ಣು ಗಂಡೆನ್ನದೆ, ಕಾಯಕದ ನಡುವೆಯೇ ಮಾಡಿದರು. ಅದಕ್ಕೆ ತಿಥಿ ನಕ್ಷತ್ರಗಳ ಹಂಗಿರಲಿಲ್ಲ.

ಇಂಗ್ಲಿಷ್ ಶಿಕ್ಷಣ ಬಂದ ಮೇಲೆ ಓದಿನ ವರ್ಷ ಬೇಸಿಗೆ ರಜೆಯ ನಂತರಕ್ಕೆ ಸರಿಯಿತು. ಉಪಾಕರ್ಮಕ್ಕೂ ತರಗತಿಗೂ ಸಂಬಂಧ ಕಡಿಯಿತು. ಉತ್ಸರ್ಜನ ಮತ್ತು ಉಪಾಕರ್ಮಗಳನ್ನು ಒಂದೇ ಬೆಳಗಿನಲ್ಲಿ ಮುಗಿಸುವುದು ಈಗ ಸಾಮಾನ್ಯ ರೂಢಿ. ಉಪನಯನವಾದ ಹುಡುಗನ ಮೊದಲ ಉಪಾಕರ್ಮ ಮಾತ್ರ ತುಸು ವಿಸ್ತಾರವಾಗಿ ನಡೆಯುತ್ತದೆ. ಹಳೆಯ ಪಂಚಾಂಗದ ಕ್ರಮ ಇನ್ನೂ ಉಸಿರಾಡುತ್ತಿರುವುದು ವೇದಪಾಠಶಾಲೆಗಳಲ್ಲಿ. ಅಲ್ಲಿ ರಜೆ ಭಾನುವಾರಕ್ಕಲ್ಲ, ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಿಗೆ.