ಹಗೇವಿನ ಜೋಳ, ಬ್ಯಾಂಕಿನ ಗಂಟು

‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ವಿಜಯಪುರ ಜಿಲ್ಲೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟುವ ಡೋಣಿ ನದಿ ಈ ಜಿಲ್ಲೆಯ ಎರೆಭೂಮಿಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಮಳೆ ಹದವಾಗಿ ಬಿದ್ದ ವರ್ಷ ಅದರ ದಂಡೆಯ ಹೊಲಗಳಲ್ಲಿ ಬೆಳೆದ ಹಿಂಗಾರಿ ಜೋಳವನ್ನು ಇಡಲು ಮನೆಗಳು ಸಾಲುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಅದೇ ಹೊಲದಲ್ಲಿ ದನಕ್ಕೆ ಕಣಕಿಯೂ ಸಿಗುತ್ತಿರಲಿಲ್ಲ. ಗಾದೆಯಲ್ಲಿರುವ ‘ಬೆಳೆದರೆ’ ಎಂಬ ಒಂದು ಪದ ಈ ಭಾಗದ ಜನರ ಹಣಕಾಸಿನ ತಿಳಿವಳಿಕೆಯನ್ನೆಲ್ಲ ಹೇಳಿಬಿಡುತ್ತದೆ.

ದುಡಿಯದೆ ಇದ್ದರೂ ಯಾರ ಮುಂದೆಯೂ ಕೈಚಾಚದೆ ಬದುಕುವಷ್ಟು ಕೂಡಿಡಬೇಕೆಂಬ ಆಸೆ ಈಗ ‘ಆರ್ಥಿಕ ಸ್ವಾತಂತ್ರ್ಯ’ ಎಂಬ ಹೊಸ ಹೆಸರು ಪಡೆದಿದೆ. ಅರವತ್ತರವರೆಗೆ ಕಾಯದೆ ನಲವತ್ತೈದಕ್ಕೋ ಐವತ್ತಕ್ಕೋ ನೌಕರಿ ಬಿಡಬೇಕು, ಅದಕ್ಕೆ ಎಷ್ಟು ಗಂಟು ಬೇಕು ಎಂದು ಬೆಂಗಳೂರು, ಪುಣೆಗಳಲ್ಲಿ ದುಡಿಯುವ ತರುಣರು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಹೊಸದೇನಲ್ಲ. ಇದನ್ನು ಅವರ ಮುತ್ತಜ್ಜಂದಿರು ಜೋಳದಲ್ಲಿ ಹಾಕುತ್ತಿದ್ದರು.

ನೆಲದೊಳಗಿನ ಖಜಾನೆ

ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ‘ಹಗೇವು’ ಎಂಬ ನೆಲಕಣಜಗಳಿದ್ದವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಇರುವಂತೆ ಗುಂಡಿ ತೋಡುತ್ತಿದ್ದರು. ಒಳಗೆ ಹೊಟ್ಟು, ಕಣಕಿಗಳ ಹಾಸು ಹಾಕಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಆ ಗುಂಡಿಯಲ್ಲಿ ಹುಳು ಬದುಕುತ್ತಿರಲಿಲ್ಲ. ಹಾಗಾಗಿ ಜೋಳ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಹಗೇವು ತೆಗೆದ ಕೂಡಲೇ ಒಳಗೆ ಇಳಿದರೆ ಉಸಿರುಗಟ್ಟಿ ಸಾಯುವ ಅಪಾಯವಿತ್ತು. ಆದ್ದರಿಂದ ಬಾಯಿ ತೆರೆದಿಟ್ಟು, ಕೆಟ್ಟ ಗಾಳಿ ಹೋದ ಮೇಲೆಯೇ ಇಳಿಯುವುದು ರೂಢಿ.

ಹಗೇವಿನ ಗುಣವೆಂದರೆ ಅದನ್ನು ಮನಸ್ಸು ಬಂದಾಗಲೆಲ್ಲ ತೆರೆಯುವಂತಿರಲಿಲ್ಲ. ಒಮ್ಮೆ ಗಾಳಿ ಹೊಕ್ಕರೆ ಜೋಳ ಕೆಡಲು ತೊಡಗುತ್ತದೆ. ದಿನದ ಊಟಕ್ಕೆ ಮನೆಯ ಗುಮ್ಮಿ, ಕೆಟ್ಟ ವರ್ಷಕ್ಕೆ ಹಗೇವು ಎಂಬ ವಿಂಗಡಣೆ ಹೀಗೆ ತಾನಾಗಿಯೇ ಉಂಟಾಗಿತ್ತು. ಮನೆಯ ಹೆಂಗಸರ ಬೋರಮಾಳ, ಟೀಕಿಗಳದು ಇನ್ನೊಂದು ಖಾತೆ. ಕಾಳಿಗೆ ಬೆಲೆ ಇಲ್ಲದಾಗ ಬಂಗಾರ, ಬಂಗಾರಕ್ಕೆ ಗಿರಾಕಿ ಇಲ್ಲದಾಗ ಕಾಳು ಎಂಬುದು ಅದರ ಹಿಂದಿನ ವಿವೇಕ.

ಈ ವ್ಯವಸ್ಥೆಗೆ ದೊಡ್ಡ ಪೆಟ್ಟು ಬಿದ್ದುದು 1876–78ರ ಬರಗಾಲದಲ್ಲಿ. ಆಗ ಈ ಪ್ರದೇಶ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ರೈಲು ಇನ್ನೂ ಜಿಲ್ಲೆಯೊಳಗೆ ಬಂದಿರಲಿಲ್ಲ. ಒಂದು ವರ್ಷದ ಬರವನ್ನು ತಡೆಯಬಲ್ಲ ಮನೆಗೂ ಬೆನ್ನುಬೆನ್ನಿಗೆ ಬಂದ ಸಂಕಟವನ್ನು ತಡೆಯಲಾಗಲಿಲ್ಲ. ಸ್ವಂತ ಹೊಲವಾಗಲಿ ಹಗೇವಾಗಲಿ ಇಲ್ಲದ ಕೂಲಿಯವರ ಪಾಡನ್ನು ಹೇಳುವುದೇ ಬೇಡ. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲಿನಷ್ಟು ಕುಸಿಯಿತು.

ಬರ ಪರಿಹಾರದ ದೃಷ್ಟಿಯಿಂದಲೇ ಹಾಕಿದ ಹೋಟಗಿ–ಗದಗ ರೈಲುದಾರಿ 1884ರಲ್ಲಿ ತೆರೆಯಿತು. ವಿಜಯಪುರ ನಗರದ ಇಬ್ರಾಹಿಂಪುರದ ಬಳಿ ಹಾದುಹೋಗುವ ರೈಲು ಇದೇ ದಾರಿಯದು. ಒಂದೂರಿನ ಕಣಜ ಬರಿದಾದರೆ ಇನ್ನೊಂದೂರಿನ ಕಾಳು ಬರಲಿ ಎಂಬುದು ಅದರ ಉದ್ದೇಶ. ತನ್ನ ಅಂಗಳದ ಉಳಿತಾಯವೊಂದೇ ಸಾಲದು ಎಂಬ ಪಾಠವನ್ನು ಈ ಜಿಲ್ಲೆ ಬಹಳ ದೊಡ್ಡ ಬೆಲೆ ತೆತ್ತು ಕಲಿತಿತ್ತು.

ಇನಾಮು ಮತ್ತು ವತನ

ಕೂತು ಉಣ್ಣುವ ಭಾಗ್ಯ ಇನ್ನೊಂದು ಬಗೆಯಲ್ಲಿ ಕೆಲವರಿಗೆ ಒದಗಿತ್ತು. ಆದಿಲಶಾಹಿ ಅರಸರ ಕಾಲದಲ್ಲಿ ಮಸೀದಿ, ದರ್ಗಾ, ಮಠ, ಮಂದಿರಗಳಿಗೂ ವಿದ್ವಾಂಸರಿಗೂ ಇನಾಮು ಭೂಮಿ ದೊರೆಯುತ್ತಿತ್ತು. ಗೌಡ, ಕುಲಕರ್ಣಿ, ದೇಸಾಯಿ, ದೇಶಪಾಂಡೆ ಮನೆತನಗಳಿಗೆ ವತನವಿತ್ತು. ಭೂಮಿಯ ಕಂದಾಯದಲ್ಲಿ ಒಂದು ಪಾಲು ವರ್ಷವರ್ಷವೂ ಮನೆಗೆ ಬರುತ್ತಿತ್ತು. ತಂದೆಯಿಂದ ಮಗನಿಗೆ ದಾಟುವ ಈ ವರಮಾನಕ್ಕೆ ಮಳೆಯ ಭಯ ಇದ್ದರೂ ದುಡಿಮೆಯ ದಣಿವು ಇರಲಿಲ್ಲ.

ಆದರೆ ಇದರ ಬೇರು ಇದ್ದುದು ಅರಸನ ಸನದಿನಲ್ಲಿ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಆಮೇಲೆ ಮೊಗಲರು, ನಿಜಾಮರು, ಮರಾಠರು, ಇಂಗ್ಲಿಷರು ಎಂದು ಒಡೆಯರು ಬದಲಾದಂತೆಲ್ಲ ಸನದಿನ ಬೆಲೆಯೂ ಪ್ರಶ್ನೆಗೆ ಒಳಗಾಯಿತು. ಮುಂಬೈ ಪ್ರಾಂತದಲ್ಲಿ 1852ರ ಕಾಯಿದೆಯಂತೆ ನಡೆದ ಇನಾಮು ಆಯೋಗ ಮನೆಮನೆಯ ದಾಖಲೆ ಕೇಳಿತು. ತಲೆಮಾರುಗಳಿಂದ ಉಂಡುಕೊಂಡು ಬಂದವರಲ್ಲಿ ಕಾಗದ ತೋರಿಸಲಾಗದ ಅನೇಕರು ಇನಾಮು ಕಳೆದುಕೊಂಡರು. ಸ್ವಾತಂತ್ರ್ಯದ ನಂತರ 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಭೂಮಿಯನ್ನು ಸರ್ಕಾರದ ವಶಕ್ಕೆ ತಂದು, ಉಳುವವನೇ ಅದರ ಒಡೆಯನಾಗಲು ದಾರಿ ಮಾಡಿತು. ಬೆವರು ಸುರಿಸಿದವನಿಗೆ ಅದು ನ್ಯಾಯ. ಗೇಣಿಯನ್ನೇ ನಂಬಿ ಬೇರೇನನ್ನೂ ಕೂಡಿಡದ ಮನೆಗಳಿಗೆ ಮಾತ್ರ ವರಮಾನದ ಒರತೆ ಒಮ್ಮೆಲೇ ಬತ್ತಿತು.

ಎರಡಾಣೆಯ ಉಳಿತಾಯ

ಹೊಲವೂ ಇಲ್ಲದ, ಸನದೂ ಇಲ್ಲದ ಜನಕ್ಕೆ ದಾರಿ ತೆರೆದದ್ದು ಇಪ್ಪತ್ತನೆಯ ಶತಮಾನ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಸಾವುಕಾರನ ಬಡ್ಡಿಯಿಂದ ಬಿಡುಗಡೆ ಹೊಂದದೆ ಉಳಿತಾಯದ ಮಾತು ಆಡುವಂತಿಲ್ಲ ಎಂಬುದನ್ನು ಅದು ಅರಿತಿತ್ತು. ಮುಂದೆ ವಿಜಯಪುರದಲ್ಲೂ ಸಿದ್ಧೇಶ್ವರ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ನೆಲೆಯೂರಿದವು.

ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ತಂದಿತು. ಅದರ ಹಿಂದೆ ಡಾ. ಟಿ.ಎಂ.ಎ. ಪೈ ಅವರ ಚಿಂತನೆಯಿತ್ತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನ ಏಜೆಂಟನೇ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದ. ಕೈಯಲ್ಲಿ ಉಳಿದರೆ ಖರ್ಚಾಗುವ ಹಣವನ್ನು ಖರ್ಚಾಗುವ ಮೊದಲೇ ಎತ್ತಿಡುವ ಉಪಾಯ ಅದು. ಹಗೇವಿನ ಬಾಯಿಗೆ ಮೆತ್ತಿದ ಮಣ್ಣು ಮಾಡುತ್ತಿದ್ದ ಕೆಲಸವನ್ನೇ ಪಿಗ್ಮಿ ಏಜೆಂಟ್ ಮಾಡಿದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದರೂ ಪಿಗ್ಮಿ ಎಂಬ ಪದ ಕನ್ನಡದ ಪದವೇ ಆಗಿ ಉಳಿದಿದೆ. ಸಂತೆಪೇಟೆಯ ವ್ಯಾಪಾರಿಗಳ ಪಿಗ್ಮಿ, ಗೆಳತಿಯರು ಸೇರಿ ಹಾಕುವ ಭಿಶಿ ಇವೆರಡೂ ಇಂದಿಗೂ ಸಣ್ಣವರ ದೊಡ್ಡ ಆಸರೆಗಳು.

ಇಲ್ಲಿಯ ಅಪಾಯ ಬೇರೆ ಬಗೆಯದು. ಕೀಲಿ ಇನ್ನೊಬ್ಬರ ಕೈಯಲ್ಲಿರುತ್ತದೆ. ನಿವೃತ್ತರ ಮೆಚ್ಚಿನ ಹೂಡಿಕೆಯಾಗಿದ್ದ ಯೂನಿಟ್ ಟ್ರಸ್ಟಿನ ‘ಯು.ಎಸ್. 64’ ಯೋಜನೆ 1964ರಲ್ಲಿ ಆರಂಭವಾಗಿತ್ತು. 2001ರ ಜುಲೈಯಲ್ಲಿ ಅದು ಯೂನಿಟ್‌ಗಳ ಮರುಖರೀದಿಯನ್ನು ದಿಢೀರನೆ ನಿಲ್ಲಿಸಿದಾಗ ಲಕ್ಷಾಂತರ ಮಂದಿ ಕಂಗಾಲಾದರು. ಬ್ಯಾಂಕಿನ ಠೇವಣಿಗೆ 1960ರ ದಶಕದ ಆರಂಭದಿಂದ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿಯಲ್ಲಿ ಅದರ ಮಿತಿ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿತು. ಸಹಕಾರಿ ಬ್ಯಾಂಕುಗಳೂ ಈ ವಿಮೆಗೆ ಒಳಪಡುತ್ತವೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ರಕ್ಷಣೆ ಇಲ್ಲ. ಒಂದೇ ಬೀದಿಯಲ್ಲಿ ಎರಡು ಫಲಕಗಳು ಒಂದೇ ರೀತಿ ಕಂಡರೂ ಈ ವ್ಯತ್ಯಾಸ ದೊಡ್ಡದು.

ಗಂಟು ಎಷ್ಟು ವರ್ಷ ಬಾಳುತ್ತದೆ?

ಸರ್ಕಾರಿ ನೌಕರರಿಗೆ ಒಂದು ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಕೊನೆಯ ಸಂಬಳವನ್ನು ಆಧರಿಸಿದ ಪಿಂಚಣಿ ಬದುಕಿರುವವರೆಗೆ ಬರುತ್ತಿತ್ತು, ತುಟ್ಟಿಭತ್ಯೆಯೂ ಏರುತ್ತಿತ್ತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ ಅನ್ವಯವಾಯಿತು. ಸಂಬಳದಲ್ಲಿ ಕಡಿದಿಟ್ಟ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಗಂಟು. ಹಳೆಯ ಪಿಂಚಣಿಗಾಗಿ ನೌಕರರು ನಡೆಸಿದ ಹೋರಾಟದ ಮೂಲ ಇಲ್ಲಿದೆ. ಕೆಟ್ಟ ವರ್ಷದ ಭಾರವನ್ನು ಸರ್ಕಾರ ಹೊರಬೇಕೋ, ಒಬ್ಬೊಬ್ಬ ನೌಕರ ಹೊರಬೇಕೋ ಎಂಬುದೇ ಅದರ ಪ್ರಶ್ನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಭೂಮಿ ಬಿಟ್ಟುಕೊಟ್ಟ ಅವಳಿ ಜಿಲ್ಲೆಗಳ ಕುಟುಂಬಗಳಿಗೂ ಇದೇ ಪ್ರಶ್ನೆ ಎದುರಾಯಿತು. ಹೊಲ ವರ್ಷವರ್ಷವೂ ಕೊಡುವಂಥದು, ಪರಿಹಾರದ ಹಣ ಒಮ್ಮೆಗೇ ಕೈಗೆ ಬರುವಂಥದು. ಇಷ್ಟು ಗಂಟಿನಿಂದ ಎಷ್ಟು ವರ್ಷ ಉಣ್ಣಬಹುದು ಎಂಬ ಲೆಕ್ಕವನ್ನು ಅವರಿಗೆ ಕಲಿಸಿದವರು ಕಡಿಮೆ.

ಆ ಲೆಕ್ಕವನ್ನು ಶಾಸ್ತ್ರೀಯವಾಗಿ ಮಾಡಿದವರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಪ್ರಮುಖ. 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು 1926ರಿಂದೀಚಿನ ಅಂಕಿಅಂಶಗಳನ್ನು ಹಿಡಿದು, ಬೇರೆ ಬೇರೆ ವರ್ಷಗಳಲ್ಲಿ ನಿವೃತ್ತರಾದವರ ಗಂಟು ಎಷ್ಟು ಕಾಲ ಬಾಳುತ್ತಿತ್ತೆಂದು ಪರೀಕ್ಷಿಸಿದರು. ಮೊದಲ ವರ್ಷ ಗಂಟಿನ ಶೇ 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಷ್ಟೇ ಹೆಚ್ಚಿಸುತ್ತ ಹೋದರೆ ಅತಿ ಕೆಟ್ಟ ಕಾಲದಲ್ಲೂ ಅದು ಮೂವತ್ತು ವರ್ಷ ಸಾಲುತ್ತಿತ್ತು. ವರ್ಷದ ಖರ್ಚಿನ 25 ಪಟ್ಟು ಕೂಡಿಡಬೇಕು ಎಂಬ ಈಗಿನ ಜನಪ್ರಿಯ ಸೂತ್ರ ಹುಟ್ಟಿದ್ದು ಇಲ್ಲಿಂದ. ಅದರ ಬೆಲೆ ಇರುವುದು 25 ಎಂಬ ಅಂಕಿಗಿಂತ ಹೆಚ್ಚಾಗಿ ಅದನ್ನು ಕಂಡುಕೊಂಡ ಬಗೆಯಲ್ಲಿ. ಬೆಂಗೆನ್ ಸರಾಸರಿ ವರ್ಷಗಳನ್ನು ನಂಬಲಿಲ್ಲ, ಅತಿ ಕೆಟ್ಟ ವರ್ಷಗಳನ್ನು ಹುಡುಕಿದರು. ಹಗೇವು ತೋಡಿದ ರೈತನೂ ಹಾಗೆಯೇ ಯೋಚಿಸುತ್ತಿದ್ದ.

ಆ ಸೂತ್ರವನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ. ಅದು ಅಮೆರಿಕದ ಬೆಲೆಗಳ, ಅಲ್ಲಿಯ ಷೇರುಪೇಟೆಯ, ಮೂವತ್ತು ವರ್ಷದ ನಿವೃತ್ತಿಯ ಲೆಕ್ಕ. ನಲವತ್ತೈದಕ್ಕೆ ಕೆಲಸ ಬಿಟ್ಟವನ ಮುಂದೆ ನಲವತ್ತು ವರ್ಷವಾದರೂ ಇರಬಹುದು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಖರ್ಚು ಸುಮಾರು 12 ವರ್ಷಕ್ಕೆ ಇಮ್ಮಡಿಯಾಗುತ್ತದೆ. ಇಂದು ತಿಂಗಳಿಗೆ 30 ಸಾವಿರದಲ್ಲಿ ನಡೆಯುವ ಮನೆಗೆ 24 ವರ್ಷದ ನಂತರ 1 ಲಕ್ಷದ 20 ಸಾವಿರ ಬೇಕು. ಒಂದು ಕೋಟಿಯನ್ನು ಶೇ 7ರ ಠೇವಣಿಯಲ್ಲಿಟ್ಟು ವರ್ಷಕ್ಕೆ ಬರುವ ಏಳು ಲಕ್ಷವನ್ನೂ ಖರ್ಚು ಮಾಡಿದವನ ಕೋಟಿ ಕಾಗದದ ಮೇಲೆ ಹಾಗೆಯೇ ಇರುತ್ತದೆ, ಅದರ ಕೊಳ್ಳುವ ಶಕ್ತಿ ಮಾತ್ರ ಹನ್ನೆರಡು ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ. ಹುಳು ಹೊಕ್ಕ ಜೋಳದ ಹಾಗೆ ಅಳತೆ ಅಷ್ಟೇ, ತೂಕ ಕಡಿಮೆ.

ಹಗೇವು ಸೋತದ್ದು ಬಹುಕಾಲದ ಬರಕ್ಕೆ, ಇನಾಮು ಸೋತದ್ದು ರಾಜ್ಯ ಬದಲಾದುದಕ್ಕೆ, ಯೂನಿಟ್ ಸೋತದ್ದು ಕೀಲಿ ಹಿಡಿದವರ ತಪ್ಪಿಗೆ. ಬ್ಯಾಂಕಿನ ಗಂಟು ಸೋಲುವುದು ಬೆಲೆಯೇರಿಕೆಗೆ. ಒಂದಕ್ಕೆ ಬಂದ ಕೇಡು ಇನ್ನೊಂದಕ್ಕೂ ಅದೇ ಹೊತ್ತಿಗೆ ಬರಲೇಬೇಕೆಂದಿಲ್ಲ. ಆದ್ದರಿಂದಲೇ ಹಿಂದಿನವರು ಕಾಳು, ಬಂಗಾರ, ದನ, ನೆಂಟಸ್ತಿಕೆ ಎಲ್ಲವನ್ನೂ ಸ್ವಲ್ಪಸ್ವಲ್ಪ ಇಟ್ಟುಕೊಂಡಿದ್ದರು. ಇಂದಿನವರಿಗೆ ಠೇವಣಿ, ಭವಿಷ್ಯನಿಧಿ, ಷೇರು, ಆರೋಗ್ಯವಿಮೆ, ತುಂಡು ಭೂಮಿ ಆ ಜಾಗದಲ್ಲಿವೆ. ಬೇಗ ನಿವೃತ್ತಿ ಬಯಸುವವರು ಗಂಟಿನ ಗಾತ್ರ ಕೇಳುವ ಮೊದಲು, ಡೋಣಿ ಬೆಳೆಯದ ವರ್ಷಗಳು ಎಷ್ಟು ಬಂದರೆ ತಡೆದುಕೊಳ್ಳಬಲ್ಲೆವು ಎಂದು ಕೇಳಿಕೊಳ್ಳುವುದು ಒಳಿತು.