ಅಪಸ್ಮಾರದ ನಿರ್ಣಯವೂ ರೋಗಿಯ ಮಾತೂ

ಮೂರ್ಛೆ ಬಂದು ಬಿದ್ದವನು ತನ್ನ ಬೀಳುವಿಕೆಯನ್ನು ತಾನು ಕಾಣಲಾರನು. ಕಂಡವರು ಅವನ ಒಳಗನ್ನು ಅರಿಯಲಾರರು. ವೈದ್ಯನಾದರೋ ಬಹುಮಟ್ಟಿಗೆ ಎಲ್ಲವೂ ಮುಗಿದಮೇಲೆ ಬರುವವನು. ಆದುದರಿಂದ ಈ ವ್ಯಾಧಿಯ ನಿರ್ಣಯವು ಪುರಾತನಕಾಲದಿಂದಲೂ ಮಾತನ್ನೇ ಆಶ್ರಯಿಸಿಕೊಂಡು ಬಂದಿದೆ. ಯಾರ ಮಾತನ್ನು ಕೇಳಬೇಕು, ಅದನ್ನು ಹೇಗೆ ಕೇಳಬೇಕು ಎಂಬ ಪ್ರಶ್ನೆಗಳಿಗೆ ಮಾತ್ರ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತಿವೆ.

ಕ್ರಿ. ಪೂ. 400ರ ಸುಮಾರಿನಲ್ಲಿ, ಹಿಪ್ಪೊಕ್ರಟೀಸನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಗ್ರೀಕ್ ಗ್ರಂಥವೊಂದು, ಜನರು ಪವಿತ್ರರೋಗವೆಂದು ಕರೆಯುತ್ತಿದ್ದ ಅಪಸ್ಮಾರವು ದೇವತೆಗಳ ಕೋಪದಿಂದ ಬಂದುದಲ್ಲ, ಮಿದುಳಿನ ವಿಕಾರದಿಂದ ಹುಟ್ಟಿದುದು ಎಂದು ಸಾರಿತು. ನಮ್ಮ ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಸ್ಮೃತಿ ತಪ್ಪುವುದೇ ಅಪಸ್ಮಾರದ ಲಕ್ಷಣವೆಂದು ಹೇಳಿದೆ. ವಾತಜವಾದ ಅಪಸ್ಮಾರದಲ್ಲಿ ರೋಗಿಗೆ ಕೆಂಪು ಕಪ್ಪು ರೂಪಗಳು, ಪಿತ್ತಜದಲ್ಲಿ ಹಳದಿ ಮತ್ತು ರಕ್ತವರ್ಣದವು, ಕಫಜದಲ್ಲಿ ಬಿಳಿಯ ರೂಪಗಳು ತೋರುವುವೆಂಬ ವಿವರವೂ ಅಲ್ಲಿಯೇ ಇದೆ. ಈ ಬಣ್ಣಗಳು ಪಕ್ಕದಲ್ಲಿ ನಿಂತವನ ಕಣ್ಣಿಗೆ ಬೀಳುವಂತಹವಲ್ಲ. ಅವು ರೋಗಿಯ ಬಾಯಿಂದಲೇ ಶಾಸ್ತ್ರವನ್ನು ಸೇರಿರಬೇಕು.

ಕ್ರಿ. ಶ. 2ನೆಯ ಶತಮಾನದ ಗ್ಯಾಲೆನನು 13 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ವಿಕಾರವು ಕಾಲಿನಲ್ಲಿ ಮೊದಲಾಗಿ, ತೊಡೆಯನ್ನು ಹತ್ತಿ, ಕುತ್ತಿಗೆಯನ್ನು ದಾಟಿ ತಲೆಗೆ ಏರುವುದೆಂದು ಬಾಲಕನು ಹೇಳಿದನು. ಆದರೆ ಅದು ಎಂತಹುದೆಂದು ತಿಳಿಸಲಾರದೆ ಹೋದನು. ಅದೇ ವ್ಯಾಧಿಯ ಮತ್ತೊಬ್ಬ ತರುಣನು, ತಣ್ಣನೆಯ ಗಾಳಿ ಸುಳಿದಂತಾಗುವುದೆಂದನು. ಆ ಗಾಳಿಗೆ ಗ್ರೀಕರಲ್ಲಿ 'ಆರಾ' ಎಂದು ಹೆಸರು. ಸೆಳವಿನ ಮುನ್ಸೂಚನೆಗೆ ವೈದ್ಯರು ಇಂದಿಗೂ ಬಳಸುವ ಪದವು ಅದೇ. ಶಾಸ್ತ್ರದ ಪರಿಭಾಷೆಯೊಂದು ರೋಗಿಯ ಉಪಮಾನದಿಂದ ಹುಟ್ಟಿತೆಂಬುದು ಸ್ಮರಣಾರ್ಹವಾದುದು.

19ನೆಯ ಶತಮಾನದಲ್ಲಿ ಪ್ರಶ್ನೆಯು ಇನ್ನಷ್ಟು ತೊಡಕಾಯಿತು. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಅಪಸ್ಮಾರಿಗಳನ್ನೂ, ಹಿಸ್ಟೀರಿಯಾ ಎಂದು ಆಗ ಕರೆಯುತ್ತಿದ್ದ ವ್ಯಾಧಿಯವರನ್ನೂ ಒಂದೇ ವಿಭಾಗದಲ್ಲಿರಿಸಿದ್ದರು. ಹೊರನೋಟಕ್ಕೆ ಎರಡು ಬಗೆಯ ಸೆಳವುಗಳೂ ಒಂದರಂತೆ ಒಂದಿದ್ದುವು. ಅಲ್ಲಿಯ ಮುಖ್ಯಸ್ಥನಾಗಿದ್ದ ಷಾರ್ಕೊ (1825–1893) ನೋಟದಲ್ಲಿ ನಿಪುಣನು. ಅವನ ಕಾಲದಲ್ಲಿ ಸೆಳವಿನ ಒಂದೊಂದು ಭಂಗಿಯನ್ನೂ ಛಾಯಾಚಿತ್ರಗಳಲ್ಲಿ ಸೆರೆಹಿಡಿದರು. ಆದರೆ ಆ ಚಿತ್ರಗಳು ರೋಗಿಯ ಅನುಭವವನ್ನು ತಿಳಿಸಲಾರದಾದುವು.

ಅದೇ ಕಾಲದಲ್ಲಿ ಲಂಡನ್ನಿನ ಹ್ಯೂಲಿಂಗ್ಸ್ ಜ್ಯಾಕ್ಸನ್ (1835–1911) ಬೇರೆ ಮಾರ್ಗವನ್ನು ಹಿಡಿದನು. ಅವನು 1888ರಲ್ಲಿ ಪ್ರಕಟಿಸಿದ ಲೇಖನದಲ್ಲಿ 'ಡಾಕ್ಟರ್ ಝಡ್' ಎಂಬ ಮರೆಹೆಸರಿನ ರೋಗಿಯ ವೃತ್ತಾಂತವಿದೆ. ಆ ರೋಗಿಯೇ ವೈದ್ಯನು. ಹಿಂದೆಂದೋ ಕಂಡುದೇ ಮರಳಿ ಬಂದಂತೆ ತೋರುವ ತನ್ನ ಕನಸಿನ ಸ್ಥಿತಿಯನ್ನು ಅವನು ಸೂಕ್ಷ್ಮವಾಗಿ ವರ್ಣಿಸಿದನು. ಒಮ್ಮೆ ರೋಗಿಯೊಬ್ಬನನ್ನು ಪರೀಕ್ಷಿಸುತ್ತಿದ್ದಾಗಲೇ ಅವನಿಗೆ ಆ ಸ್ಥಿತಿಯು ಬಂದಿತು. ಎಚ್ಚರಗೊಂಡು ನೋಡಿದರೆ, ಎಡಪುಪ್ಪುಸದ ಬುಡದಲ್ಲಿ ನ್ಯುಮೋನಿಯಾ ಇದೆಯೆಂದು ತಾನೇ ಬರೆದಿದ್ದನು. ಬರೆದ ನೆನಪು ಮಾತ್ರ ಇರಲಿಲ್ಲ. ಮತ್ತೆ ಪರೀಕ್ಷಿಸಲಾಗಿ ನಿರ್ಣಯವು ಸರಿಯಾಗಿಯೇ ಇದ್ದಿತು! ಆತನು 1894ರಲ್ಲಿ ಮೃತನಾದಮೇಲೆ ಮಿದುಳಿನ ಎಡಭಾಗದ ಒಳಮಡಿಕೆಯೊಂದರಲ್ಲಿ ಅತಿಸಣ್ಣದಾದ ಕ್ಷತವು ಕಂಡುಬಂದಿತು. ರೋಗಿಯ ಮಾತು ಸುಳ್ಳಾಗಿರಲಿಲ್ಲ.

1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರನು ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊಟ್ಟಮೊದಲು ದಾಖಲಿಸಿದನು. 1929ರಲ್ಲಿ ಅದನ್ನು ಪ್ರಕಟಿಸಿದನು. ಇನ್ನು ಯಂತ್ರವೇ ಎಲ್ಲವನ್ನೂ ಹೇಳುವುದೆಂಬ ಆಶೆ ಮೂಡಿದುದು ಸಹಜ. ಆದರೆ ಸೆಳವಿಲ್ಲದ ವೇಳೆಯಲ್ಲಿ ಅಪಸ್ಮಾರಿಯ ತರಂಗಗಳೂ ನಿರ್ದೋಷವಾಗಿ ತೋರಬಹುದು. ಸೆಳವು ಬರುವಾಗಲೇ ಚಲಚ್ಚಿತ್ರವನ್ನೂ ತರಂಗಗಳನ್ನೂ ಕೂಡಿ ದಾಖಲಿಸುವ ವಿಧಾನವು ಎಲ್ಲಕ್ಕಿಂತ ದೃಢವಾದುದಾದರೂ, ಅದಕ್ಕೆ ವ್ಯಯವೂ ಕಾಲವೂ ಬಹಳ ಬೇಕು.

ಹೀಗಿರಲು 20ನೆಯ ಶತಮಾನದ ಕೊನೆಯ ವೇಳೆಗೆ ಜರ್ಮನಿಯ ಬೀಲೆಫೆಲ್ಡಿನಲ್ಲಿ ಭಾಷಾಶಾಸ್ತ್ರಜ್ಞೆ ಎಲಿಜಬೆತ್ ಗೂಲಿಷ್ ಮತ್ತು ವೈದ್ಯ ಮಾರ್ಟಿನ್ ಶೋಂಡೀನ್ಸ್ಟ್ ಎಂಬವರು ರೋಗಿಗಳ ಮಾತಿನ ರೀತಿಯನ್ನೇ ಪರಿಶೀಲಿಸತೊಡಗಿದರು. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಮಾರ್ಕುಸ್ ರಾಯ್ಬರ್ ಮತ್ತು ಸಂಗಡಿಗರು ಆ ಕಾರ್ಯವನ್ನು ಮುಂದುವರಿಸಿದರು. ಈ ಪದ್ಧತಿಯಲ್ಲಿ ವೈದ್ಯನು ಪ್ರಶ್ನೆಗಳನ್ನು ಸುರಿಸದೆ ರೋಗಿಯನ್ನು ಮಾತಾಡಗೊಡಬೇಕು. ಆಮೇಲೆ ಮೊದಲನೆಯ, ಕೊನೆಯ ಮತ್ತು ಅತಿಕಠಿನವಾದ ಸೆಳವುಗಳನ್ನು ವರ್ಣಿಸುವಂತೆ ಕೇಳಬೇಕು. ಅಪಸ್ಮಾರವುಳ್ಳವರು ಸಾಮಾನ್ಯವಾಗಿ ತಾವಾಗಿಯೇ ಒಳಗಿನ ಅನುಭವವನ್ನು ಹೇಳತೊಡಗಿ, ತಡವರಿಸಿ, ಆಡಿದ ಮಾತನ್ನು ತಿದ್ದಿ, ತಕ್ಕ ಪದಕ್ಕಾಗಿ ಶ್ರಮಿಸುವರು. ಎಚ್ಚರ ತಪ್ಪಿದ ಗಳಿಗೆಯ ಎಲ್ಲೆಯನ್ನು ಗುರುತಿಸಲು ಯತ್ನಿಸುವರು. ಅಪಸ್ಮಾರವಲ್ಲದ ಸೆಳವುಳ್ಳವರು ಬಹುಮಟ್ಟಿಗೆ ಸೆಳವು ಬಂದ ಸಂದರ್ಭವನ್ನೂ ಅದರಿಂದಾದ ಕಷ್ಟವನ್ನೂ ಹೇಳುವರಲ್ಲದೆ, ಒಳಗಿನ ಅನುಭವವನ್ನು ಕೇಳಿದರೆ ಏನೂ ತಿಳಿಯದೆಂದು ಮುಗಿಸಿಬಿಡುವರು. ಉಪಮಾನಗಳಲ್ಲಿಯೂ ಭೇದವುಂಟು: ಮೊದಲನೆಯವರಿಗೆ ಸೆಳವು ಮೇಲೆ ಬೀಳುವ ಶಕ್ತಿ, ಎರಡನೆಯವರಿಗೆ ತಾವು ಹೊಕ್ಕು ಹೊರಬರುವ ಒಂದು ಸ್ಥಳ. 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ವೈದ್ಯಕೀಯ ವಿವರಗಳೊಂದನ್ನೂ ಅರಿಯದ ಭಾಷಾಶಾಸ್ತ್ರಜ್ಞರು ಮಾತಿನಿಂದಲೇ 20 ಮಂದಿಯಲ್ಲಿ 17 ಮಂದಿಯ ವ್ಯಾಧಿಯನ್ನು ಸರಿಯಾಗಿ ಊಹಿಸಿದರು.

ಇದು ಕೇವಲ ಪಂಡಿತರ ಕುತೂಹಲವಲ್ಲ. ಅಪಸ್ಮಾರವಲ್ಲದ ಸೆಳವುಳ್ಳವರಿಗೆ ಸರಿಯಾದ ನಿರ್ಣಯವು ದೊರೆಯಲು ಸರಾಸರಿ 7 ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿತ್ತೆಂದು 2002ರ ಜರ್ಮನಿಯ ವರದಿಯೊಂದರಿಂದ ತಿಳಿಯಬರುತ್ತದೆ. ಅಂತಹವರು ಅಷ್ಟು ಕಾಲ ಬೇಡದ ಔಷಧಿಯನ್ನು ಸೇವಿಸುವರು; ನಿಜವು ತಿಳಿದಮೇಲೆ ನಟನೆಯೆಂಬ ಅಪವಾದವನ್ನೂ ಹೊರುವರು. ಅವರ ಸೆಳವು ನಟನೆಯಲ್ಲ. ಇಚ್ಛೆಯ ಅಧೀನದಲ್ಲಿಲ್ಲದ ನಿಜವಾದ ವ್ಯಾಧಿ. ಅದಕ್ಕೆ ಮಾನಸಿಕ ಚಿಕಿತ್ಸೆಯೇ ಮುಖ್ಯವಾದುದು. ಇನ್ನೊಂದೆಡೆ, ಅಪಸ್ಮಾರವನ್ನು ಮನಸ್ಸಿನ ವಿಕಾರವೆಂದು ತಳ್ಳಿಹಾಕಿದರೆ ಪ್ರಾಣಕ್ಕೇ ಅಪಾಯವುಂಟು. ಕೆಲವರಲ್ಲಿ ಎರಡೂ ಕೂಡಿರುವುದರಿಂದ ಮಾತೊಂದನ್ನೇ ನೆಚ್ಚುವುದೂ ತರವಲ್ಲ. ಯಂತ್ರದ ಸಾಕ್ಷ್ಯವೂ ಬೇಕು.

ಗ್ಯಾಲೆನನ ಮುಂದೆ ನಿಂತ ಬಾಲಕನಿಗೆ ತನ್ನ ಅನುಭವಕ್ಕೆ ಪದವು ದೊರೆಯಲಿಲ್ಲ. ಅವನ ಆ ತಡವರಿಕೆಯಂತಹುದೇ ಇಂದು ನಿರ್ಣಯಕ್ಕೆ ಒಂದು ಆಧಾರವಾಗಿದೆ. ಅದನ್ನು ಗ್ರಹಿಸಬೇಕಾದರೆ ವೈದ್ಯನು ಮೊದಲು ಸುಮ್ಮನೆ ಕುಳಿತು ಕೇಳಬೇಕು.