ಹಗುರ ಬಟ್ಟೆಗಳ ಚರಿತ್ರೆ: ರೇಷ್ಮೆಯಿಂದ ಡೈನೀಮಾವರೆಗೆ

ಹಗುರವಾದ ಟ್ರೆಕ್ಕಿಂಗ್ ಟೆಂಟಿನ ವಿವರಪಟ್ಟಿಯಲ್ಲಿ ‘20ಡಿ ನೈಲಾನ್’ ಎಂದು ಬರೆದಿರುತ್ತದೆ. ‘ಡಿ’ ಎಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದು ಅಷ್ಟು ಡೆನಿಯರ್. ಈ ಅಳತೆ ಹುಟ್ಟಿದ್ದು ನೈಲಾನಿಗಾಗಿ ಅಲ್ಲ, ರೇಷ್ಮೆಗಾಗಿ. ಫ್ರಾನ್ಸಿನ ಹಳೆಯ ನಾಣ್ಯವೊಂದರ ಹೆಸರು ರೇಷ್ಮೆ ವ್ಯಾಪಾರಿಗಳ ಬಾಯಲ್ಲಿ ನೂಲಿನ ಮಾನವಾಯಿತು. ಹುಳು ಉಗುಳುವ ಜೋಡಿ ಎಳೆಗಳಲ್ಲಿ ಒಂದೊಂದೂ ಸುಮಾರು ಒಂದು ಡೆನಿಯರ್. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡುತ್ತ ಬೆಳೆದ ನನಗೆ ಪುಣೆಯಲ್ಲಿ ಟೆಂಟು ಹುಡುಕುವಾಗ ಈ ಪದ ಸಿಕ್ಕಿದ್ದು ಪರವೂರಿನಲ್ಲಿ ನೆಂಟರು ಸಿಕ್ಕ ಹಾಗಾಯಿತು. ಅದರ ಬೆನ್ನು ಹತ್ತಿದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎರಡನೇ ಮಹಾಯುದ್ಧ ಶುರುವಾದಾಗ ಪ್ಯಾರಾಚೂಟಿಗೆ ರೇಷ್ಮೆಯೇ ಬೇಕಿತ್ತು. ಹಗುರ, ಗಟ್ಟಿ, ಮಡಚಿದರೆ ಬೆನ್ನಿನ ಚೀಲದಲ್ಲಿ ಹಿಡಿಸುವಂಥದ್ದು. ಆದರೆ ಕಚ್ಚಾ ರೇಷ್ಮೆಯ ದೊಡ್ಡ ಪೂರೈಕೆದಾರ ಜಪಾನ್. ಆ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಏರಿತು. ಅಮೆರಿಕ ಬೇರೆ ದಾರಿ ಹಿಡಿಯಿತು. ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕೆರೋದರ್ಸ್ ತಂಡ 1935ರಲ್ಲಿ ತಯಾರಿಸಿದ ನೈಲಾನ್, 1940ರಲ್ಲಿ ಹೆಂಗಸರ ಕಾಲುಚೀಲವಾಗಿ ಅಂಗಡಿಗೆ ಬಂದಿತ್ತು. ಈಗ ಅದು ಯುದ್ಧಕ್ಕೆ ಹೊರಳಿತು. 1942ರ ಜೂನಿನಲ್ಲಿ ಅಡೆಲೀನ್ ಗ್ರೇ ಎಂಬ ಮಹಿಳೆ ನೈಲಾನ್ ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಜಿಗಿದು ತೋರಿಸಿದರು.

ಪ್ಯಾರಾಚೂಟಿನ ಬಟ್ಟೆಯಲ್ಲಿ ಬಳಸಿದ ರಿಪ್‌ಸ್ಟಾಪ್ ನೇಯ್ಗೆ ಟೆಂಟಿಗೂ ಬಂತು. ತೆಳು ನೂಲುಗಳ ನಡುವೆ ಅಲ್ಲಲ್ಲಿ ದಪ್ಪ ಎಳೆ ಹಾಕಿ ಚೌಕಳಿ ಮಾಡುತ್ತಾರೆ. ಹರಿಯಲು ತೊಡಗಿದ ತೂತು ಆ ದಪ್ಪ ಎಳೆಯ ಹತ್ತಿರ ನಿಲ್ಲುತ್ತದೆ. ಮೇಲಿನ ಲೇಪವೂ ಮುಖ್ಯ. ಪಾಲಿಯುರೆಥೇನ್ ಲೇಪ ನೂಲುಗಳನ್ನು ಅಲುಗದಂತೆ ಹಿಡಿಯುವುದರಿಂದ ಅವು ಒಂದೊಂದಾಗಿ ಕಡಿಯುತ್ತವೆ. ಸಿಲಿಕೋನ್ ಲೇಪದಲ್ಲಿ ನೂಲುಗಳು ಜಾರಿ ಒಟ್ಟುಗೂಡಿ ಎಳೆತವನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಬಟ್ಟೆ ಸುಲಭವಾಗಿ ಹರಿಯುವುದಿಲ್ಲ. ಆದರೆ ಹೊಲಿಗೆಯ ಮೇಲೆ ಸಾಮಾನ್ಯ ಸೀಲಿಂಗ್ ಟೇಪು ಅಂಟುವುದಿಲ್ಲ. ಮಳೆಯಲ್ಲಿ ನೆನೆದ ನೈಲಾನ್ ಹಿಗ್ಗಿ ಜೋತುಬೀಳುವ ಚಾಳಿಯೂ ಹೋಗುವುದಿಲ್ಲ.

ಮುಂದಿನ ಜಿಗಿತ ಬಂದದ್ದು ಸಮುದ್ರದಿಂದ. ನೆದರ್ಲೆಂಡ್ಸಿನ ಡಿಎಸ್ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರಲ್ಲಿ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ, ಜೆಲ್ ಮಾಡಿ, ಎಳೆದು ನೂಲಾಗಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ತರಕಾರಿ ತರುವ ಪ್ಲಾಸ್ಟಿಕ್ ಚೀಲದ ಕುಲದ್ದೇ ವಸ್ತು. ಆದರೆ ಇಲ್ಲಿ ಬಹಳ ಉದ್ದದ ಅಣುಸರಪಳಿಗಳು ಸಿಕ್ಕಾಗಿ ಬಿದ್ದಿರದೆ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಇದೇ ಡೈನೀಮಾ. 1992ರಲ್ಲಿ ಅಮೆರಿಕಾಸ್ ಕಪ್ ಗೆದ್ದ ‘ಅಮೆರಿಕ ಕ್ಯೂಬ್ಡ್’ ತಂಡದ ಹಾಯಿಗಳಿಗಾಗಿ ರೂಪುಗೊಂಡ, ನೇಯದೆ ಪದರಗಳಾಗಿ ಅಂಟಿಸಿದ ಬಟ್ಟೆಗೆ ‘ಕ್ಯೂಬೆನ್ ಫೈಬರ್’ ಎಂಬ ಹೆಸರು ಬಿತ್ತು. ಚದರ ಮೀಟರಿಗೆ ಸುಮಾರು 18 ಗ್ರಾಂ ತೂಗುವ ಅದರ ಬಗೆಯೊಂದು ಇವತ್ತು ದುಬಾರಿ ಟೆಂಟುಗಳಾಗುತ್ತಿದೆ. ನೀರು ಕುಡಿಯುವುದಿಲ್ಲ, ಜೋತುಬೀಳುವುದಿಲ್ಲ. ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಸ್ಟವ್ ದೂರವಿರಬೇಕು. ಕಲ್ಲಿಗೆ ಉಜ್ಜಿದರೆ ತೆಳು ಪಾಲಿಯೆಸ್ಟರ್ ಹೊದಿಕೆ ಸವೆಯುತ್ತದೆ.

ಕೆಲಸದಲ್ಲಿ ನಾನು ದಿನಾ ಮಾಡುವ ಲೆಕ್ಕವೇ ಇಲ್ಲೂ ಇದೆ: ಒಂದು ಕಡೆ ಇಳಿಸಿದ ಭಾರ ಇನ್ನೊಂದು ಕಡೆ ಕೂರುತ್ತದೆ, ಬೆಲೆಯಾಗಿಯೋ ಬಾಳಿಕೆಯಾಗಿಯೋ. ಮೇಲಾಗಿ ಈ ಬಟ್ಟೆಗಳು ಮೊದಲು ನಡೆಯುವವರಿಗಾಗಿ ಹುಟ್ಟಿದವಲ್ಲ. ಒಂದು ಸಲ ಬಿಚ್ಚಿಕೊಂಡು ಜೀವ ಉಳಿಸಬೇಕಾದ ಪ್ಯಾರಾಚೂಟು, ಒಂದು ಪಂದ್ಯ ಗೆಲ್ಲಬೇಕಾದ ಹಾಯಿ. ಸಹ್ಯಾದ್ರಿಯ ಮುಳ್ಳುಪೊದೆ, ಒರಟು ಕಪ್ಪುಬಂಡೆ, ಜುಲೈ ಮಳೆಯ ನಡುವೆ ಹತ್ತು ವರ್ಷ ಬಾಳಬೇಕೆಂಬುದು ಅವುಗಳ ಮೂಲ ಲೆಕ್ಕದಲ್ಲಿ ಇರಲಿಲ್ಲ.

1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಅಮೆರಿಕದ 3,000 ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಟೆಂಟೇ ಇರಲಿಲ್ಲ. ಬಟ್ಟೆಯ ಡೆನಿಯರ್ ಇಳಿಸುವ ಮೊದಲು ಅವರು ಸಾಮಾನಿನ ಪಟ್ಟಿಯನ್ನೇ ಇಳಿಸಿದ್ದರು. ರಾಜಗಡ, ಹರಿಶ್ಚಂದ್ರಗಡ ಹತ್ತಲು ಹೊರಡುವ ಹೊಸಬರು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ: ಮೊದಲು ಚೀಲ ಸುರುವಿ, ಬೇಡದ್ದನ್ನು ಮನೆಯಲ್ಲಿಡಿ. ಆಮೇಲೂ ಭಾರವೆನಿಸಿದರೆ ಆಗ ಬಟ್ಟೆಯ ವಿವರಪಟ್ಟಿ ಓದಿ.